ಮೊಣಕೈಯ ಬಗ್ಗೆ ಡಾಕ್ಟರು ಹೇಳಿದ್ದು

ನಮ್ಮ ಬೀದಿಯಲ್ಲಿ ನನ್ನನ್ನು ಒಳ್ಳೆಯ ಹೆಂಗಸು ಅನ್ನುವವರು ಈಗಲೂ ನಾಲ್ಕು ಜನ ಇದ್ದಾರೆ. ಅವರನ್ನು ತಿದ್ದುವುದಕ್ಕೆ ಹೋಗುವ ವಯಸ್ಸು ನನ್ನದಲ್ಲ. ಆದರೆ ಪೆನ್ನು ಹಿಡಿದು ಕೂತ ಮೇಲೆ ಇದ್ದದ್ದನ್ನು ಇದ್ದಹಾಗೆ ಬರೆಯಬೇಕು. ನಾನು ಒಂದು ಸಲ ಒಂದು ಸುಳ್ಳು ಹೇಳಿದೆ. ಅದರಿಂದ ನನಗೇನೂ ಆಗಲಿಲ್ಲ, ಒಂದು ಉಗುರೂ ಮುರಿಯಲಿಲ್ಲ. ಹೋದದ್ದು ನನ್ನ ವಾರಗಿತ್ತಿಯ ಬಲಗೈ.

ನಾನು ತುಮಕೂರಿನ ಪೇಟೆಯಲ್ಲಿ ಬೆಳೆದ ಹುಡುಗಿ. ಎಸ್.ಎಸ್.ಎಲ್.ಸಿ.ಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು, ಇಂಗ್ಲಿಷಿನಲ್ಲಿ ಮಾತ್ರ ಹೇಗೋ ಪಾಸಾಗಿ, ಅದನ್ನೇ ದೊಡ್ಡದು ಮಾಡಿಕೊಂಡು ಮೆರೆಯುತ್ತಿದ್ದೆ. ಗುಬ್ಬಿಗೆ ಮದುವೆಯಾಗಿ ಹೋದದ್ದು ಆಣೆ ಹೋಗಿ ಹೊಸ ಪೈಸೆ ಬಂದ ಹೊಸದರಲ್ಲಿ. ಗಂಡನ ಮನೆಯವರಿಗೆ ಊರ ಹೊರಗೆ ತೆಂಗಿನ ತೋಟ, ಅದರಾಚೆ ರಾಗಿ ಹೊಲ. ಗಂಡಸರು ಬಾಯಿ ಬಿಟ್ಟರೆ ಕೊಬ್ಬರಿಯ ಮಾತು. ಹೆಂಗಸರ ಪಾಲಿಗೆ ರಾಗಿ. ಮನೆಯಲ್ಲಿ ಹನ್ನೊಂದು ಜನ, ಎರಡು ಹೊತ್ತೂ ಮುದ್ದೆ. ಆ ಮುದ್ದೆಯ ಹಿಟ್ಟು ಮನೆಯ ಬೀಸುವ ಕಲ್ಲಿನಿಂದಲೇ ಬರಬೇಕು.

ಹಾಗಂತ ಊರಲ್ಲಿ ಹಿಟ್ಟಿನ ಮಿಲ್ಲು ಇರಲಿಲ್ಲವೆಂದಲ್ಲ. ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಮಿಲ್ಲು. ಅದರ ಪಟಪಟ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆದರೆ ನಮ್ಮ ಅತ್ತೆಯವರ ಪ್ರಕಾರ ಮಿಲ್ಲಿನಲ್ಲಿ ಹಿಟ್ಟು ಸುಟ್ಟುಹೋಗುತ್ತದೆ, ಸುಟ್ಟ ಹಿಟ್ಟಿಗೆ ಜೀವ ಇರುವುದಿಲ್ಲ, ಜೀವ ಇಲ್ಲದ ಮುದ್ದೆ ತಿಂದ ಗಂಡಸು ತೋಟದಲ್ಲಿ ಕೆಲಸ ಮಾಡಲಾರ. ಗಂಡಸರು ತೋಟದಲ್ಲಿ ಮಾಡುತ್ತಿದ್ದ ಕೆಲಸ ಆಳುಗಳ ಮೇಲೆ ಕೂಗಾಡುವುದು. ಅದಕ್ಕೆ ಇಷ್ಟೊಂದು ಜೀವವಿರುವ ಹಿಟ್ಟು ಯಾಕೆ ಬೇಕು ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬೀಸುತ್ತಿದ್ದವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಬೆಳ್ಳಾವಿಯ ಕಡೆಯವಳು. ಹದಿನಾಲ್ಕಕ್ಕೆ ಮದುವೆಯಾಗಿ ಬಂದು, ಬಂದ ಮೂರನೆಯ ದಿನ ಕಲ್ಲಿನ ಮುಂದೆ ಕೂತವಳು. ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವಳು ಬೀಸುವುದಕ್ಕೆ ಹಿಡಿದು ಇಪ್ಪತ್ತು ವರ್ಷ. ಬೀಸುವುದಷ್ಟೇ ಅಲ್ಲ, ಹನ್ನೊಂದು ಜನರ ಹಿಟ್ಟು ತಿರುವುವುದೂ ಅವಳದೇ. ಕುದಿಯುವ ಪಾತ್ರೆಯನ್ನು ಕವೆಗೋಲಿನಲ್ಲಿ ಒತ್ತಿ ಹಿಡಿದು, ಹಿಟ್ಟಿನ ಕೋಲನ್ನು ಎರಡು ಕೈಯಲ್ಲಿ ಬಿಗಿಹಿಡಿದು ಅವಳು ತಿರುವುವಾಗ ಒಲೆಯೇ ಅಲ್ಲಾಡುತ್ತಿತ್ತು. ನಾನು ಹೊಸದರಲ್ಲಿ ಒಂದು ದಿನ ಕಲ್ಲಿನ ಮುಂದೆ ಕೂತು, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು ಅತ್ತುಬಿಟ್ಟೆ. ಅಂದಿನಿಂದ ನನ್ನ ಪಾಲನ್ನೂ ಅವಳೇ ಬೀಸಿದಳು. ನನಗೆ ಉಳಿದದ್ದು ಸಾರು, ಪಾತ್ರೆ, ಮಕ್ಕಳ ತಲೆ ಬಾಚುವುದು, ಮಾವನವರಿಗೆ ಪೇಪರು ಓದಿ ಹೇಳುವುದು. ಓದಿದ ಸೊಸೆ ಅಂತ ಬಂದವರ ಮುಂದೆ ನನ್ನನ್ನು ತೋರಿಸುತ್ತಿದ್ದರು. ನನಗೂ ಅದು ರುಚಿಸುತ್ತಿತ್ತು.

ಅಕ್ಕನ ಮೊಣಕೈ ನೋವು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ, ಅವಳು ಹೇಳಿಕೊಂಡಿರಲಿಲ್ಲ. ನಮ್ಮ ಕಣ್ಣಿಗೆ ಬಿದ್ದದ್ದು ಕೈ ನೆಟ್ಟಗಾಗದೆ ಹೋದಾಗ. ಬಟ್ಟೆ ಒಣಗಹಾಕುವಾಗ ಬಲಗೈ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಲವು ಸಲ ಕಲ್ಲು ಸುತ್ತುತ್ತಿರುವಾಗಲೇ ಕೀಲು ಹಿಡಿದುಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ ಒದರಿದರೆ ಬಿಡುತ್ತಿತ್ತು. ಪಕ್ಕದಲ್ಲಿ ಕೂತರೆ ಒಳಗಿನ ಕಟಕಟ ಸದ್ದು ಕೇಳುತ್ತಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತಿದ್ದವು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ವಾಯು ಅಂದರು. ಬದನೆಕಾಯಿ ಬಿಡು ಅಂದರು. ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಾಳೆ ಅಂದರು. ಗಂಡು ಮಗು ಹೆರದವಳಿಗೆ ಹೀಗೆಲ್ಲ ಆಗುತ್ತದೆ ಅಂತ ಒಬ್ಬ ಮುದುಕಿ ಜಗಲಿಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ ಹೇಳಿದಳು. ಅತ್ತೆಯವರಿಗೆ ಇಷ್ಟೆಲ್ಲ ಯೋಚನೆ ಬೇಕಿರಲಿಲ್ಲ. "ಸೋಗು ಕಣೇ ಅದು. ಓದಿದೋಳು ಕೂತಿರೋದ ನೋಡಿ ಇವ್ಳಿಗೂ ಕೂರೋ ಆಸೆ ಬಂದೈತೆ" ಅಂದುಬಿಟ್ಟರು. ಅಕ್ಕನಿಗೆ ಒಂದು ಹೆಣ್ಣು ಮಗಳಿದ್ದಳು, ಆಗ ಹನ್ನೊಂದು ವರ್ಷ. ಅವಳ ಎದುರಿಗೇ ಅಂದರು.

ಅಕ್ಕ ಓದಿದವಳಲ್ಲ, ಆದರೆ ಕೇಳುವವಳು. ಯಾವುದನ್ನೂ ಕೇಳದೆ ಬಿಡುತ್ತಿರಲಿಲ್ಲ. ರೈಲು ಹಿಂದಕ್ಕೂ ಹೋಗುತ್ತದಾ, ಪೇಪರಿನಲ್ಲಿ ಬರುವ ಚಿತ್ರವನ್ನು ಹೇಗೆ ಅಚ್ಚು ಹಾಕುತ್ತಾರೆ, ಸಕ್ಕರೆ ಹರಳಾಗುವುದು ಹೇಗೆ, ಇಂಥವು. ನನಗೆ ಗೊತ್ತಿಲ್ಲದಿದ್ದರೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಅದನ್ನೇ ನಿಜವೆಂದು ಇಟ್ಟುಕೊಳ್ಳುತ್ತಿದ್ದಳು. ಮೊಣಕೈಯ ವಿಷಯದಲ್ಲಿ ಮಾತ್ರ ನನ್ನ ಉತ್ತರ ಸಾಲದಾಯಿತು. "ಡಾಕ್ಟ್ರನ್ನೇ ಕೇಳ್ಬೇಕು ಕಣೇ. ಇದೇನು ಅಂತ ಗೊತ್ತಾದ್ರೆ ಅರ್ಧ ನೋವು ಹೋಯ್ತದೆ" ಅಂತ ಹಟ ಹಿಡಿದಳು. ಭಾವನವರು ಆಗಲಿ ನೋಡೋಣ ಅಂತ ಮೂರು ತಿಂಗಳು ತಳ್ಳಿ, ಕೊನೆಗೆ ಒಂದು ದಿನ ಹಿಟ್ಟು ತಿರುವುವಾಗ ಅವಳ ಕೈ ಹಿಡಿದುಕೊಂಡು ಪಾತ್ರೆ ಉರುಳಿ ಮಧ್ಯಾಹ್ನದ ಊಟ ನೆಲದ ಪಾಲಾದ ಮೇಲೆ ಒಪ್ಪಿದರು. ಊಟ ಹೋದದ್ದಕ್ಕೆ ಒಪ್ಪಿದರು, ಕೈಗಲ್ಲ.

ಜೊತೆಗೆ ನನ್ನನ್ನು ಕಳಿಸಿದರು. ತುಮಕೂರು ನನ್ನ ತವರು, ಇಂಗ್ಲಿಷೂ ಬರುತ್ತದೆ. ಗುಬ್ಬಿಯಿಂದ ರೈಲಿನಲ್ಲಿ ಹೋದೆವು. ಅಕ್ಕ ಕಿಟಕಿಯ ಹೊರಗೆ ನೋಡಲೇ ಇಲ್ಲ. ಡಾಕ್ಟರನ್ನು ಕೇಳಬೇಕಾದ್ದನ್ನು ಬೆರಳು ಮಡಿಸಿ ಬಾಯಿಪಾಠ ಮಾಡುತ್ತಿದ್ದಳು. ಇದಕ್ಕೆ ಏನಂತಾರೆ, ಯಾಕೆ ಬಂತು, ವಾಸಿ ಆಗ್ತದಾ, ಬೀಸಬಹುದಾ ಬೀಸಬಾರದಾ. ಇಷ್ಟಾದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಮಗೀಗೂ ಬತ್ತದಾ ಅಂತ ಕೇಳ್ಬೇಕು. ನಂಗೆ ಮರ್ತೋದ್ರೆ ನೀನು ಜ್ಞಾಪಿಸು" ಅಂದಳು. ನನಗೆ ನಗು ಬಂತು. ಡಾಕ್ಟರು ಅಂದರೆ ಏನು, ಇವಳು ಕೂತು ಪರೀಕ್ಷೆ ಮಾಡುವುದಕ್ಕೆ?

ಆ ಡಾಕ್ಟರ ಷಾಪು ತವರಿನ ಬೀದಿಗೆ ಹತ್ತಿರ. ಹೆಸರು ಬೇಡ. ಒಳ್ಳೆಯ ಮನುಷ್ಯ, ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಅಕ್ಕನ ತೋಳನ್ನು ಮಡಿಸಿ ಬಿಡಿಸಿ ನೋಡಿದರು, ಕಿರುಬೆರಳನ್ನು ಚುಚ್ಚಿ ನೋಡಿದರು, ಎಕ್ಸ್‌ರೇ ತೆಗೆಸಿ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಕನ್ನಡ ಬೇರೆ ಸೀಮೆಯದು, ಅಕ್ಕನಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದ ಮೇಲೆ ನನ್ನ ಕಡೆಗೇ ತಿರುಗಿದರು.

ಅವರು ಹೇಳಿದ್ದು ಒಂದಕ್ಷರ ಮರೆತಿಲ್ಲ. ಎರಡು ಮೂಳೆ ಕೂಡುವ ಜಾಗದಲ್ಲಿ ಮೆತ್ತನೆಯ ಒಂದು ಪದರ ಇರುತ್ತದಂತೆ. ಅಕ್ಕನಿಗೆ ಅದು ಸವೆದುಹೋಗಿ ಮೂಳೆಗೆ ಮೂಳೆ ಉಜ್ಜುತ್ತಿತ್ತು, ಅಂಚಿನಲ್ಲಿ ಮುಳ್ಳು ಮುಳ್ಳಾಗಿ ಮೂಳೆ ಬೆಳೆದಿತ್ತು. ಸವೆದದ್ದು ಮತ್ತೆ ಬರುವುದಿಲ್ಲ. ಆದರೆ ಭಾರದ ಕೆಲಸವನ್ನು ಈಗಲೇ ನಿಲ್ಲಿಸಿದರೆ ಇಷ್ಟಕ್ಕೇ ನಿಲ್ಲುತ್ತದೆ. ಬೀಸುವುದು, ಹಿಟ್ಟು ತಿರುವುವುದು, ನೀರು ಸೇದುವುದು ಕೂಡದು. ಬಿಸಿನೀರಿನ ಶಾಖ ಕೊಡಿ, ನೋವಾಗದಷ್ಟು ಮೆಲ್ಲಗೆ ಕೈ ಆಡಿಸಲಿ. ಯಾರ ಹತ್ತಿರವೂ ಎಳೆಸಬೇಡಿ, ಭಾರ ಕಟ್ಟಿ ತೂಗಿಸಬೇಡಿ, ಹಾಗೆ ಮಾಡಿದರೆ ಕೀಲು ಪೂರ್ತಿ ಹಿಡಿದುಕೊಳ್ಳುತ್ತದೆ. "ಹೇಳಿದ ಹಾಗೆ ಕೇಳಿದರೆ ಊಟ ಮಾಡುವ ಕೈ ಉಳಿಯುತ್ತದೆ. ಇವರಿಗೆ ಚೆನ್ನಾಗಿ ತಿಳಿಸಿ ಹೇಳಿ" ಅಂದರು. ಅಕ್ಕ ಸ್ಟೂಲಿನ ಮೇಲೆ ಕೂತು ಒಮ್ಮೆ ಅವರ ಬಾಯಿಯನ್ನೂ ಒಮ್ಮೆ ನನ್ನ ಬಾಯಿಯನ್ನೂ ನೋಡುತ್ತಿದ್ದಳು.

ಹೊರಗೆ ಒಂದು ಹೊಂಗೆಮರ. ಅದರ ಕೆಳಗೆ ಬಂದ ತಕ್ಷಣ ನನ್ನ ರಟ್ಟೆ ಹಿಡಿದು, "ಏನಂದ್ರೇ?" ಅಂದಳು.

ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಅವಳ ಮೂಳೆಯಲ್ಲ. ಬೀಸುವ ಕಲ್ಲಿನ ಮುಂದೆ ಕೂತ ನಾನು ಬಂದೆ. ಅವಳು ಬೀಸುವುದು ಬಿಟ್ಟರೆ ಆ ಮನೆಯಲ್ಲಿ ಇನ್ನು ಉಳಿದ ಸೊಸೆ ಒಬ್ಬಳೇ. ಮಿಲ್ಲಿಗೆ ಹಾಕಿಸೋಣ ಅಂದರೆ ಅತ್ತೆ ಮನೆ ಬಿಟ್ಟು ಹೋಗುತ್ತೇನೆಂದು ಜಗಲಿಯಲ್ಲಿ ಕೂರುತ್ತಾರೆ. ಹನ್ನೊಂದು ಜನರ ರಾಗಿ, ದಿನಾ, ಸಾಯುವ ತನಕ. ನನಗೆ ಆಗ ಇಪ್ಪತ್ತೊಂದು ವರ್ಷ. ಹೆದರಿಕೆ ಅಂತ ಬರೆದರೆ ಓದುವವರಿಗೆ ಅಯ್ಯೋ ಅನ್ನಿಸೀತು. ಹೆದರಿಕೆಯಲ್ಲ, ಸೋಮಾರಿತನ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ಇವಳದು, ನನ್ನದಲ್ಲ ಅನ್ನುವ ಕೊಬ್ಬು.

"ಕೀಲು ಜಡ್ಡುಗಟ್ಟಿದೆಯಂತೆ ಅಕ್ಕ. ಆಡಿಸಿದಷ್ಟೂ ಬಿಡುತ್ತಂತೆ. ಕೆಲಸ ಮಾತ್ರ ನಿಲ್ಲಿಸ್ಬಾರ್ದಂತೆ" ಅಂದೆ.

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅಷ್ಟೇನಾ? ಕೆಲ್ಸ ಬುಡು ಅಂದುಬುಡ್ತಾರೆ ಅಂತ ಎಷ್ಟು ಹೆದ್ರಿದ್ದೆ ಗೊತ್ತಾ. ಅತ್ತೆಮ್ಮ ಬುಡ್ತಿದ್ರಾ ನನ್ನ?" ಅಂದಳು. ಆಮೇಲೆ ಮಗಳ ವಿಷಯ. ಬರೋದಿಲ್ಲವಂತೆ ಅಂದೆ. ಡಾಕ್ಟರಿಗೆ ನಾನು ಅದನ್ನು ಕೇಳಿಯೇ ಇರಲಿಲ್ಲ. ಅಕ್ಕ ಸೆರಗಿನ ಗಂಟಿನಿಂದ ಕಾಸು ತೆಗೆದು ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದಳು. ಮುಡಿದುಕೊಂಡೆ.

ಮನೆಗೆ ಬಂದ ಮೇಲೆ ಅತ್ತೆಯವರ ಮುಖದಲ್ಲೂ ಸಂತೋಷ. "ನಾನು ಹೇಳಿದ್ನೇ ಡಾಕ್ಟ್ರೂ ಹೇಳವ್ರೆ. ಇದನ್ ಕೇಳಕ್ಕೆ ತುಮ್ಕೂರಿಗೆ ಹೋಗ್ಬೇಕಿತ್ತೇನ್ಲೇ?" ಅಂತ ಹಿರಿಯ ಮಗನನ್ನು ಛೇಡಿಸಿದರು. ಅಕ್ಕ ಮಾರನೆಯ ದಿನದಿಂದ ಔಷಧಿ ಕುಡಿಯುವ ಶ್ರದ್ಧೆಯಲ್ಲಿ ಬೀಸತೊಡಗಿದಳು. ಮೊದಲು ನೋವಾದಾಗ ನಿಲ್ಲಿಸಿ ಕೈ ಒದರುತ್ತಿದ್ದವಳು ಈಗ ನಿಲ್ಲಿಸುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುವಾಗಲೂ ಸುತ್ತುತ್ತಿದ್ದಳು. "ಆಡಿಸ್ದಷ್ಟೂ ಬುಡ್ತದೆ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ಆಚೆ ಕಡೆ ಕೂತು ಸೊಪ್ಪು ಬಿಡಿಸುತ್ತಿದ್ದೆ.

ಒಂದು ವರ್ಷದಲ್ಲಿ ಕೈ ಇನ್ನಷ್ಟು ಬಾಗಿತು. ಆಗ ಕುಣಿಗಲ್ಲಿನಲ್ಲಿದ್ದ ನನ್ನ ಗಂಡನ ಸೋದರತ್ತೆ ಹೇಳಿಕಳಿಸಿದರು, ಅಲ್ಲಿ ಒಬ್ಬ ಮೂಳೆ ಕಟ್ಟುವವನಿದ್ದಾನೆ, ಕುದುರೆಗಳ ಕಾಲನ್ನೇ ನೆಟ್ಟಗೆ ಮಾಡಿದ್ದಾನೆ ಅಂತ. ಕುದುರೆ ಫಾರಂ ಇರುವ ಕುಣಿಗಲ್ಲಿನಲ್ಲಿ ಕುದುರೆಯ ಕಾಲು ನೆಟ್ಟಗೆ ಮಾಡಿದವನು ಅಂದರೆ ಅದಕ್ಕಿಂತ ಸರ್ಟಿಫಿಕೇಟು ಬೇಡ. ಮತ್ತೆ ನಾನೇ ಜೊತೆಗೆ ಹೋದೆ. ಬಸ್ಸಿನಲ್ಲಿ ಪೂರ್ತಿ ದಾರಿ ಬೇಡ ಅನ್ನಲೋ ಬೇಡವೋ ಅಂತ ಯೋಚಿಸಿದೆ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂತ ಶುರುವಾದರೆ ಹೊಂಗೆಮರದ ತನಕ ಹೋಗುತ್ತದೆ.

ಆ ಮನುಷ್ಯ ಎಚ್ಚರದವನೇ. ಕೈ ಮುಟ್ಟುವ ಮೊದಲು, "ಇಂಗ್ಲಿಷ್ ಡಾಕ್ಟ್ರು ತೋರ್ಸಿದೀರೇನವ್ವ? ಏನಂದ್ರು?" ಅಂತ ಕೇಳಿದ.

"ತೋರ್ಸಿದೀವಿ ಕಣಪ್ಪ. ಆಡಿಸ್ದಷ್ಟೂ ಬುಡ್ತದಂತೆ" ಅಂತ ಅಕ್ಕ ಹೇಳಿದಳು, ನನ್ನ ಕಡೆ ತಿರುಗಿ, "ಅಂಗೇ ತಾನೇ ಅಂದಿದ್ದು?" ಅಂದಳು.

ನಾನು ಹೂಂ ಅಂದೆ.

"ಅಂಗಾದ್ರೆ ಎಳೀಬೌದು ಬುಡಿ" ಅಂದ ಅವನು. ಬೇಡ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಕ್ಕಿರಲಾರದು. ಅವನು ಎಣ್ಣೆ ಸವರಿ, ಅಕ್ಕನನ್ನು ನೆಲದ ಮೇಲೆ ಮಲಗಿಸಿ, "ಭುಜಾನ ಗಟ್ಟಿಯಾಗಿ ಹಿಡ್ಕಳವ್ವ, ಅಲ್ಲಾಡ್ಬಾರ್ದು" ಅಂತ ನನಗೆ ಹೇಳಿದ. ಎರಡು ಕೈಯಲ್ಲೂ ಒತ್ತಿ ಹಿಡಿದೆ. ಅವನು ಎಳೆದ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಆದರೂ ಕೂಗು ಬೀದಿಗೆ ಕೇಳಿತು. ನನ್ನ ಕೈ ಸಡಿಲವಾಗಲಿಲ್ಲ. ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡುವವಳು ಅಂತ ಅನ್ನಿಸಿಕೊಳ್ಳಬೇಕಿತ್ತೇನೋ.

ಆಮೇಲೆ ಒಂದು ತಿಂಗಳ ಪಥ್ಯ. ದಿನಕ್ಕೆ ಎರಡು ಹೊತ್ತು ಕಬ್ಬಿಣದ ಬಕೆಟ್ಟಿನ ತುಂಬ ನೀರು ತುಂಬಿ, ಬಲಗೈಯಲ್ಲಿ ತೂಗುಬಿಟ್ಟುಕೊಂಡು ಹಿತ್ತಲಲ್ಲಿ ಸುತ್ತಬೇಕು. ಭಾರಕ್ಕೆ ಕೈ ನೆಟ್ಟಗಾಗುತ್ತದಂತೆ. ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಮೊಣಕೈ ಊದಿತು, ಕೆಂಪಾಯಿತು, ಮುಟ್ಟಿದರೆ ಬಿಸಿ. ತಿಂಗಳು ತುಂಬುವ ಹೊತ್ತಿಗೆ ಊತ ಇಳಿಯಿತು, ಕೈ ಅಲ್ಲಿಗೇ ನಿಂತಿತು. ಡಾಕ್ಟರು ಹೇಳಿದ ಹಾಗೆಯೇ ಕೀಲು ಹಿಡಿದುಕೊಂಡಿತು. ನೆಟ್ಟಗೂ ಆಗದು, ಬಾಯಿಗೂ ಬಾರದು.

ಬಾಯಿಗೆ ಬಾರದ ಬಲಗೈ ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈಗೂ ಬಾಯಿಗೂ ನಡುವೆ ಒಂದು ಗೇಣು. ಮೊದಮೊದಲು ಅಕ್ಕ ಕತ್ತು ಬಗ್ಗಿಸಿ ತಟ್ಟೆಯ ಹತ್ತಿರ ಹೋಗುತ್ತಿದ್ದಳು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಎಸೆದುಕೊಳ್ಳುವುದನ್ನು ಕಲಿತಳು. ಒಂದೊಂದು ತುತ್ತು ಮೂಗಿಗೆ ಬಡಿದು ಮಡಿಲಿಗೆ ಬೀಳುತ್ತಿತ್ತು. ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನಾನೂ ಸೆರಗು ಅಡ್ಡ ಹಿಡಿದು ನಕ್ಕಿದ್ದೇನೆ.

ಒಂದು ದಿನ ಅವಳು ಯಾರೂ ಇಲ್ಲದ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದಳು. ಅತ್ತೆಯವರು ನೋಡಿಬಿಟ್ಟರು. ತಟ್ಟೆಯನ್ನು ಅವಳ ಮುಂದಿನಿಂದ ಎಳೆದುಕೊಂಡು, "ಅದು ಅನ್ನ ತಿನ್ನೋ ಕೈಯೇನೇ? ತಿಕ ತೊಳ್ಯೋ ಕೈಲಿ ಉಣ್ಣೋರ್ಗೆ ಈ ಮನೇಲಿ ತಟ್ಟೆ ಇಲ್ಲ" ಅಂದರು. ಆ ತಟ್ಟೆಯನ್ನು ಬೂದಿ ಹಾಕಿ ನಾಲ್ಕು ಸಲ ನನ್ನ ಕೈಲಿ ತೊಳೆಸಿದರು. ಅಂದಿನಿಂದ ಅಕ್ಕ ಮದುವೆ ಮುಂಜಿಗೆ ಹೋಗುವುದನ್ನು ನಿಲ್ಲಿಸಿದಳು. ಹತ್ತು ಜನರ ಪಂಕ್ತಿಯಲ್ಲಿ ಎಸೆದುಕೊಂಡು ತಿನ್ನಲಾರಳು, ಎಡಗೈಯಲ್ಲಿ ತಿನ್ನುವ ಹಾಗಿಲ್ಲ. ಮನೆಯಲ್ಲೂ ಎಲ್ಲರದೂ ಮುಗಿದ ಮೇಲೆ ಮಗಳು ಕೂತು ತಿನ್ನಿಸುತ್ತಿದ್ದಳು. ಮಗಳಿಗೆ ಬೇಸರವಾದ ದಿನ ಅರ್ಧ ಹೊಟ್ಟೆ.

ಯಾವ ಕೆಲಸದಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದ್ದೆನೋ ಅದರಲ್ಲಿ ಅರ್ಧ ಹೇಗೂ ನನ್ನ ಕುತ್ತಿಗೆಗೆ ಬಂತು. ಹಿಟ್ಟು ತಿರುವುವುದು ನನ್ನದಾಯಿತು. ಬೀಸುವುದನ್ನು ಮಾತ್ರ ಅಕ್ಕ ಬಿಡಲಿಲ್ಲ. ಎಡಗೈಯಲ್ಲಿ ಗೂಟ ಹಿಡಿದು ಬೀಸುತ್ತಿದ್ದಳು. ಎದುರಿಗೆ ಕೂತು ಅದೇ ಗೂಟಕ್ಕೆ ಮಗಳು ಕೈ ಸೇರಿಸುತ್ತಿದ್ದಳು. ಅದಕ್ಕಾಗಿಯೇ ಅವಳನ್ನು ಸ್ಕೂಲು ಬಿಡಿಸಿದ್ದರು.

ಇಷ್ಟಾದರೂ ನನ್ನ ಮಾತಿನ ಮೇಲೆ ಅಕ್ಕನಿಗೆ ಒಂದು ಎಳ್ಳಷ್ಟೂ ಅನುಮಾನ ಬರಲಿಲ್ಲ. ತಾನು ಆಡಿಸಿದ್ದೇ ಸಾಲದು, ಅದಕ್ಕೇ ಹೀಗಾಯಿತು ಅಂದುಕೊಂಡಿದ್ದಳು. ಕೈನೋವೆಂದು ಯಾರೇ ಬಂದರೂ ಕೂರಿಸಿಕೊಂಡು ಹೇಳುತ್ತಿದ್ದಳು. ತುಮಕೂರಿನ ತನಕ ಹೋಗಿ ಫಿಲಮ್ಮು ತೆಗೆಸಿಕೊಂಡು ಬಂದವಳು ಬೀದಿಯಲ್ಲಿ ಅವಳೊಬ್ಬಳೇ, ಅದು ಅವಳ ಹೆಮ್ಮೆ. "ನಾನು ಮಾಡ್ದಂಗೆ ನೋವಾಯ್ತು ಅಂತ ಮಧ್ಯೆ ಮಧ್ಯೆ ನಿಲ್ಲಿಸ್ಬೇಡಿ" ಅಂತ ಬುದ್ಧಿ ಬೇರೆ. ಬೆಳ್ಳಾವಿಯಿಂದ ಅವಳ ತವರಿನವರು ಬಂದರೆ ಅವರಿಗೂ ಅದೇ ಪಾಠ.

ಒಂದು ಸಲ ನಾಮಕರಣಕ್ಕೆಂದು ಕುಣಿಗಲ್ಲಿಗೆ ಹೋಗಿದ್ದೆ. ಪಕ್ಕದ ಮನೆಯ ಹಿತ್ತಲಲ್ಲಿ ಒಬ್ಬ ಹೆಂಗಸು ಬಕೆಟ್ಟು ತೂಗುಬಿಟ್ಟುಕೊಂಡು ಸುತ್ತುತ್ತಿದ್ದಳು. ತುಟಿ ಕಚ್ಚಿಕೊಂಡಿದ್ದಳು. ನಾನು ನೋಡುತ್ತಿರುವುದನ್ನು ಕಂಡು ಅವಳೇ ಹೇಳಿದಳು: "ಮೊಣಕೈ ಹಿಡ್ಕೊಂಡೈತೆ ಕಣವ್ವ. ತುಮ್ಕೂರು ದೊಡ್ಡ ಡಾಕ್ಟ್ರೇ ಹೇಳವ್ರಂತೆ, ಆಡಿಸ್ದಷ್ಟೂ ಬುಡ್ತದಂತೆ. ಗುಬ್ಬೀಲಿ ಯಾರೋ ಓದಿದ ಹೆಣ್ಮಗ್ಳು ಇಂಗ್ಲಿಷ್ನಲ್ಲೇ ಕೇಳ್ಕೊಂಡು ಬಂದವ್ಳಂತೆ."

ನಾನು ಎಂದೂ ನೋಡಿರದ ಹೆಂಗಸು, ನನ್ನ ಬಾಯಿಂದ ಬಿದ್ದ ಮಾತನ್ನು ಹಿಡಿದುಕೊಂಡು ಬಕೆಟ್ಟು ಹೊತ್ತಿದ್ದಳು. ಇನ್ನು ಎಷ್ಟು ಜನ, ಯಾವ ಯಾವ ಹಿತ್ತಲಲ್ಲಿ? ಅಲ್ಲಿಯಾದರೂ ಹೇಳಬಹುದಿತ್ತು, ಅವಳು ನನಗೆ ಯಾರೂ ಅಲ್ಲ, ನಾನು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಒಳಗೆ ಎಲೆ ಹಾಕಿದ್ದಾರೆ ಅಂತ ಕರೆದರು. ಹೋಗಿ ಹೋಳಿಗೆ ಊಟ ಮಾಡಿದೆ.

ಕೊನೆಗೆ ನಿಜ ಹೊರಗೆ ಬಂದದ್ದು ಪಶ್ಚಾತ್ತಾಪದಿಂದ ಅಂತ ಬರೆಯುವುದಕ್ಕೆ ನನಗೂ ಆಸೆ. ಬಂದದ್ದು ಸಿಟ್ಟಿನಿಂದ. ಅಕ್ಕನ ಮಗಳಿಗೆ ಆಗ ಹದಿನಾರು. ಒಂದು ಬೆಳಗ್ಗೆ ತಾಯಿ ಮಗಳು ಬೀಸುತ್ತಿದ್ದರು, ನಾನು ಒಲೆಯ ಮುಂದೆ ಇದ್ದೆ. ಹುಡುಗಿ ಗೂಟ ಬಿಟ್ಟು, "ಅವ್ವ, ಮೊಣಕೈ ನೋಯ್ತದೆ" ಅಂದಳು. ಅಕ್ಕ ನಗುತ್ತ, "ಏನಾಗಲ್ಲ ಬುಡು. ಆಡಿಸ್ದಷ್ಟೂ ಬುಡ್ತದೆ. ಚಿಕ್ಕವ್ವನ್ ಕೇಳು, ಡಾಕ್ಟ್ರು ಮುಂದೆ ಅವ್ಳೇ ಇದ್ದಿದ್ದು" ಅಂದಳು. ಆ ನಗು, ಆ ನಂಬಿಕೆ, ಆ ಮುರುಟಿದ ಕೈ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವಳು ಒಂದು ಸಲವಾದರೂ ನನ್ನನ್ನು ಅನುಮಾನಿಸಬಾರದಿತ್ತೇ?

"ಡಾಕ್ಟ್ರು ಹಾಗೆ ಹೇಳ್ಲೇ ಇಲ್ಲ!" ಅಂತ ಕಿರುಚಿದೆ.

ಕಲ್ಲು ನಿಂತಿತು. ಆಮೇಲೆ ನಿಲ್ಲಿಸುವುದು ನನ್ನ ಕೈಲಾಗಲಿಲ್ಲ. ಸವೆದ ಪದರ, ಮುಳ್ಳಿನಂಥ ಮೂಳೆ, ಬೀಸಕೂಡದು, ಎಳೆಸಕೂಡದು, ಭಾರ ಕಟ್ಟಕೂಡದು, ಎಲ್ಲವನ್ನೂ ಹೇಳಿದೆ. ಯಾಕೆ ಮುಚ್ಚಿಟ್ಟೆ ಅನ್ನುವುದನ್ನೂ ಹೇಳಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಕೈಯನ್ನು ನೋಡುತ್ತಿದ್ದಳು.

ಜಗಲಿಯಿಂದ ಅತ್ತೆಯವರು ಎಲ್ಲ ಕೇಳಿಸಿಕೊಂಡಿದ್ದರು. ಬೈಗಳಿಗೆ ಸಿದ್ಧಳಾಗಿ ನಿಂತೆ, ಬೈಸಿಕೊಂಡರೆ ಮನಸ್ಸು ಒಂದಿಷ್ಟು ಹಗುರಾದೀತು ಅಂತ ನನಗೆ ಆಸೆಯಿತ್ತು. ಅವರು ಒಳಗೆ ಇಣುಕಿ, "ಒಳ್ಳೇದೇ ಮಾಡ್ದೆ ಬುಡವ್ವ. ಆವತ್ತೇ ಇವ್ಳು ಕೈ ಕಟ್ಕೊಂಡು ಕೂತಿದ್ರೆ ಈ ಮನೇಗೆ ಹಿಟ್ಟು ಯಾರು ಹಾಕ್ತಿದ್ರು?" ಅಂದು, ಎಲೆಯಡಿಕೆ ಚೀಲ ತೆಗೆದುಕೊಂಡು ಹೊರಗೆ ಹೋದರು.

ಅಕ್ಕ ನನ್ನನ್ನು ಒಂದು ಮಾತು ಕೇಳಿದಳು. ಬೈಯಲಿಲ್ಲ, ಅಳಲಿಲ್ಲ, ರೈಲಿನ ಬಗ್ಗೆ ಸಕ್ಕರೆಯ ಬಗ್ಗೆ ಕೇಳುವ ದನಿಯಲ್ಲೇ ಕೇಳಿದಳು.

"ಆವತ್ತೇ ಹೇಳಿದ್ರೆ ನನ್ನ ಉಣ್ಣೋ ಕೈ ಉಳೀತಿತ್ತಾ?"

ಇಲ್ಲ ಅಂದಿದ್ದರೆ ಆಗುತ್ತಿತ್ತು. ಹೇಗೂ ಹೋಗುವ ಕೈ ಅದು, ಯಾರು ಹೇಳಿದರೂ ಬಿಟ್ಟರೂ ಅಷ್ಟೇ ಅಂದಿದ್ದರೆ ಅವಳು ನಂಬುತ್ತಿದ್ದಳು. ಉಳಿದ ದಿನಗಳಿಗೆ ಅಷ್ಟು ಸಮಾಧಾನ ಸಿಗುತ್ತಿತ್ತು. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳುವ ಅವಕಾಶ ನನ್ನ ಜನ್ಮದಲ್ಲಿ ಅದೊಂದೇ. ಆ ಹೊತ್ತಿಗೆ ನನಗೆ ಸತ್ಯ ಹೇಳುವ ಹುಚ್ಚು ಹಿಡಿದಿತ್ತು.

"ಉಳೀತಿತ್ತು ಅಕ್ಕ" ಅಂದೆ.

ಅವಳು ತಲೆ ಆಡಿಸಿದಳು. ಮಗಳ ಕಡೆ ತಿರುಗಿ, "ನೀನು ಏಳವ್ವ. ಇನ್ಮೇಲೆ ಈ ಕಲ್ಲು ಮುಟ್ಬೇಡ" ಅಂದಳು. ಹುಡುಗಿ ಎದ್ದಳು. ನಾನು ಅವಳ ಜಾಗದಲ್ಲಿ ಕೂರಲು ಹೋದೆ, ಗೂಟಕ್ಕೆ ಕೈ ಹಾಕಿದೆ. ಅಕ್ಕ ನನ್ನ ಕೈಯನ್ನು ಎಡಗೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಬುಡು. ನಂದು ಹೆಂಗೂ ಹೋಗೈತೆ" ಅಂದಳು.

ಒಬ್ಬಳೇ ಬೀಸಿದಳು. ಮಧ್ಯಾಹ್ನ ಆ ಹಿಟ್ಟಿನಲ್ಲೇ ನಾನು ಮುದ್ದೆ ಮಾಡಿದೆ. ಎಲ್ಲರೂ ಉಂಡರು, ನಾನೂ ಉಂಡೆ.